ಮೃಗಾಲಯದಲ್ಲಿ ತರತಮ ಪಾಠ



ಇಂಗ್ಲಿಷ್ ವ್ಯಾಕರಣವೆಂದೊಡನೆ ನಮ್ಮಲ್ಲಿ ಅನೇಕರ ನೆನಪಿಗೆ ಬರತಕ್ಕದ್ದು ಒಂದು ಕೋಷ್ಟಕ. ಟಾಲ್, ಟಾಲರ್, ಟಾಲೆಸ್ಟ್. ಬಿಗ್, ಬಿಗ್ಗರ್, ಬಿಗ್ಗೆಸ್ಟ್. ಗುಡ್, ಬೆಟರ್, ಬೆಸ್ಟ್. ಮಗ್ಗಿ ಹೇಳುವ ರಾಗದಲ್ಲಿಯೇ ಇದನ್ನೂ ಬಾಯಿಪಾಠಮಾಡಿ ಒಪ್ಪಿಸಿ ನಾವು ಮುಂದಿನ ತರಗತಿಗೆ ಹೋದವರು. ಆದರೆ ಕೋಷ್ಟಕವನ್ನು ಒಂದಕ್ಷರವೂ ತಪ್ಪದೆ ಒಪ್ಪಿಸಿದ ಹುಡುಗನೇ ವಾಕ್ಯವನ್ನು ರಚಿಸಹೊರಟಾಗ 'ಎಲಿಫೆಂಟ್ ಈಸ್ ಬಿಗ್ ದ್ಯಾನ್ ಹಾರ್ಸ್' ಎಂದು ಬರೆಯುತ್ತಾನೆ. ಇಲ್ಲವೆ ಇನ್ನೊಂದು ದಿಕ್ಕಿಗೆ ಜಾರಿ 'ಮೋರ್ ಬಿಗ್ಗರ್' ಎನ್ನುತ್ತಾನೆ. ಕಾಲೇಜಿಗೆ ಬರುವ ತರುಣರ ಉತ್ತರಪತ್ರಿಕೆಗಳಲ್ಲಿಯೂ ಈ ಎರಡು ತಪ್ಪುಗಳು ಕಾಣದಿರುವ ವರ್ಷವಿಲ್ಲ. ನಾಲಗೆಗೆ ಬಂದ ಪಾಠ ಲೇಖನಿಗೆ ಏಕೆ ಬರಲಿಲ್ಲ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಈ ಹೊತ್ತು ತಮ್ಮನ್ನು ಒಂದು ಮೃಗಾಲಯಕ್ಕೆ ಕರೆದೊಯ್ಯಬೇಕೆಂದಿದ್ದೇನೆ.

ಹೊರಡುವುದಕ್ಕೆ ಮುನ್ನ, ಹೊರಡುವವರು ಯಾರೆಂಬುದನ್ನು ನಿಶ್ಚಯಿಸಿಕೊಳ್ಳೋಣ. ಕಾರ್ಕಳದಿಂದ ಪಡುಬಿದ್ರೆಗೆ ಇಳಿಯುವ ದಾರಿಯಲ್ಲಿ ಬೆಳ್ಮಣ್ ಎಂಬ ಊರುಂಟು. ದುರ್ಗಾಪರಮೇಶ್ವರಿಯ ದೇವಾಲಯದಿಂದ ಹೆಸರಾದ ಊರು; ಕವಿ ಮುದ್ದಣನು ಹುಟ್ಟಿದ ನಂದಳಿಕೆಗೆ ನೆರೆಯ ಊರು. ಅಲ್ಲಿಯ ಒಂದು ಕನ್ನಡ ಶಾಲೆಯ ಐದನೆಯ ತರಗತಿಯನ್ನು ನಾವು ಊಹಿಸಿಕೊಳ್ಳೋಣ. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷು. ಹೀಗೆ ಹತ್ತು ವರ್ಷ ತುಂಬುವುದರೊಳಗೆ ಮೂರು ಭಾಷೆಗಳ ವ್ಯವಹಾರವನ್ನು ಹೊತ್ತ ಮಕ್ಕಳು ಇವರು. ಇವರಿಗೆ ಹೋಲಿಕೆಯೆಂಬುದು ಹೊಸತಲ್ಲ. ಕಂಬಳದ ಗದ್ದೆಯ ಬದುವಿನಲ್ಲಿ ನಿಂತು, ಯಾವ ಜೊತೆ ಕೋಣಗಳಿಗಿಂತ ಯಾವ ಜೊತೆ ಮುಂದೆಂಬುದನ್ನು ದೊಡ್ಡವರೊಡನೆ ವಾದಿಸಬಲ್ಲವರು. ಆದುದರಿಂದ ಉಪಾಧ್ಯಾಯರು ಕಲಿಸಬೇಕಾದದ್ದು ಹೋಲಿಸುವ ಬುದ್ಧಿಯನ್ನಲ್ಲ. ಆ ಬುದ್ಧಿಗೆ ಇಂಗ್ಲಿಷಿನವರು ತೊಡಿಸುವ ಉಡುಪನ್ನು.

ಆ ಉಡುಪು ನಮ್ಮದಕ್ಕಿಂತ ಹೇಗೆ ಬೇರೆ? 'ಕುದುರೆಗಿಂತ ಆನೆ ದೊಡ್ಡದು' ಎನ್ನುತ್ತೇವೆ. ಇಲ್ಲಿ ಹೋಲಿಕೆಯ ಭಾರವನ್ನೆಲ್ಲ ಹೊತ್ತಿರುವುದು ಕುದುರೆಗೆ ಅಂಟಿಕೊಂಡ 'ಗಿಂತ' ಎಂಬ ಪುಟ್ಟ ಪ್ರತ್ಯಯ. 'ದೊಡ್ಡದು' ಎಂಬ ಶಬ್ದ ಇದ್ದಂತೆಯೇ ಇದೆ. ಕುದುರೆಯಿಲ್ಲದಿದ್ದರೂ ಅದು ದೊಡ್ಡದೇ, ಇದ್ದರೂ ದೊಡ್ಡದೇ. ತುಳುವಿನಲ್ಲಿಯೂ ಇದೇ ಪದ್ಧತಿ. ಪ್ರತ್ಯಯ ಸೇರುವುದು ಹೋಲಿಕೆಗೆ ನಿಲ್ಲಿಸಿದ ವಸ್ತುವಿಗೆ. ಮಲ್ಲ, ಎಡ್ಡೆ ಎಂಬ ಗುಣವಾಚಕಗಳಿಗೆ ಯಾವ ವಿಕಾರವೂ ಇಲ್ಲ. ಇಂಗ್ಲಿಷಿನವನಾದರೋ ಇದೇ ಸಂಗತಿಯನ್ನು ಎರಡು ಸಲ ಹೇಳುತ್ತಾನೆ. 'ದ್ಯಾನ್' ಎಂಬ ಶಬ್ದ ನಮ್ಮ 'ಗಿಂತ'ದ ಕೆಲಸವನ್ನು ಮಾಡುತ್ತದೆ. ಅದು ಸಾಲದೆಂದು 'ಬಿಗ್' ಎಂಬುದು ತಾನೂ 'ಬಿಗ್ಗರ್' ಆಗಿ ನಿಲ್ಲುತ್ತದೆ. ನಮ್ಮ ಹುಡುಗ 'ಬಿಗ್ ದ್ಯಾನ್' ಎಂದಾಗ ಅವನು ಆಲೋಚನೆಯಲ್ಲಿ ತಪ್ಪಲಿಲ್ಲ. ಕನ್ನಡದ ಮಿತವ್ಯಯವನ್ನು ಇಂಗ್ಲಿಷಿನಲ್ಲಿಯೂ ಪಾಲಿಸಿದನು, ಅಷ್ಟೆ. 'ಇನ್ನೂ ದೊಡ್ಡದು, ಹೆಚ್ಚು ದೊಡ್ಡದು' ಎನ್ನುವ ರೂಢಿಯೇ ಇನ್ನೊಬ್ಬನ ಬಾಯಲ್ಲಿ 'ಮೋರ್ ಬಿಗ್ಗರ್' ಆಯಿತು. ತಪ್ಪಿನ ಕಾರಣವನ್ನು ಬಲ್ಲ ಉಪಾಧ್ಯಾಯರು ಬೆತ್ತವನ್ನು ಹುಡುಕುವುದಿಲ್ಲ. ಎರಡು ವಾಕ್ಯಗಳನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಯಾವ ಮಾತು ಎಲ್ಲಿ ಬದಲಾಯಿತೆಂದು ಮಕ್ಕಳಿಂದಲೇ ಗೆರೆ ಎಳೆಯಿಸುತ್ತಾರೆ.

ಗುಣವಾಚಕವೇ ರೂಪ ಬದಲಿಸುವ ಈ ಕ್ರಮವು ನಮಗೆ ತೀರ ಅಪರಿಚಿತವೆಂದೂ ಭಾವಿಸಬೇಕಾಗಿಲ್ಲ. ಸಂಸ್ಕೃತದಿಂದ ಬಂದು ನಮ್ಮ ನಿತ್ಯದ ಮಾತಿನಲ್ಲಿ ನೆಲೆಸಿರುವ ಶ್ರೇಷ್ಠ, ಜ್ಯೇಷ್ಠ, ಕನಿಷ್ಠ, ಗರಿಷ್ಠ, ಬಲಿಷ್ಠ ಎಂಬ ಶಬ್ದಗಳನ್ನು ನೋಡಿರಿ. ಇವುಗಳ ಕೊನೆಯಲ್ಲಿರುವ 'ಇಷ್ಠ' ಎಂಬುದು 'ಎಲ್ಲಕ್ಕಿಂತ ಮಿಗಿಲು' ಎಂಬರ್ಥದ ಪ್ರತ್ಯಯ. ಇಂಗ್ಲಿಷಿನ 'ಎಸ್ಟ್' ಇದರ ದೂರದ ದಾಯಾದಿ. ಸ್ವಾದು ಎಂಬುದಕ್ಕೂ ಸ್ವೀಟ್ ಎಂಬುದಕ್ಕೂ ಮೂಲ ಒಂದೇ. ಆದುದರಿಂದ ಸ್ವಾದಿಷ್ಠವೂ ಸ್ವೀಟೆಸ್ಟೂ ಒಂದೇ ಮನೆತನದ ಎರಡು ಶಾಖೆಗಳು. ಸಂಸ್ಕೃತಕ್ಕೂ ಯೂರೋಪಿನ ಪ್ರಾಚೀನ ಭಾಷೆಗಳಿಗೂ ಇರುವ ಇಂಥ ಬಾಂಧವ್ಯವನ್ನು 1786ರಲ್ಲಿ ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯ ವಿದ್ವತ್ಸಭೆಯಲ್ಲಿ ಎತ್ತಿ ಹೇಳಿದನು. ಮಕ್ಕಳನ್ನು ಕಾಡುವ 'ಗುಡ್, ಬೆಟರ್, ಬೆಸ್ಟ್' ಎಂಬ ವಕ್ರಗತಿಯೂ ಸಂಸ್ಕೃತಕ್ಕೆ ಹೊಸದಲ್ಲ. ಬೆಟರ್ ಎಂಬುದು ಗುಡ್ ಎಂಬುದರಿಂದ ಹುಟ್ಟದೆ ಬೇರೆ ಧಾತುವಿನಿಂದ ಬಂದು ಅದರ ಪಕ್ಕದಲ್ಲಿ ಕುಳಿತ ಶಬ್ದ. ಹಾಗೆಯೇ ಪಾಣಿನಿಯ ವ್ಯಾಕರಣದಲ್ಲಿ ಪ್ರಶಸ್ಯ ಎಂಬುದಕ್ಕೆ ಶ್ರೇಷ್ಠವೆಂದೂ, ಅಲ್ಪ ಎಂಬುದಕ್ಕೆ ಕನಿಷ್ಠವೆಂದೂ ರೂಪ ಹೇಳಿದೆ. ದೊಡ್ಡ ಭಾಷೆಗಳ ದೊಡ್ಡಸ್ತಿಕೆಯಲ್ಲಿ ಇಂಥ ಹಟಗಳೂ ಸೇರಿರುತ್ತವೆ. 'ಮೋಸ್ಟ್ ಬೆಸ್ಟ್' ಎಂಬುದನ್ನು ಕಂಡು ನಗುವ ನಾವೇ 'ಶ್ರೇಷ್ಠತಮ'ವೆಂದು ಬರೆಯುತ್ತೇವೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಈಗ 'ತರ', 'ತಮ' ಎಂಬ ಮತ್ತೆರಡು ಪ್ರತ್ಯಯಗಳ ಮಾತು. ಎರಡರಲ್ಲಿ ಒಂದು ಮಿಗಿಲಾದರೆ ತರ, ಹಲವರಲ್ಲಿ ಒಂದು ಮಿಗಿಲಾದರೆ ತಮ. ಈ ಎರಡನ್ನೂ ಕೂಡಿಸಿದುದರಿಂದ ತರತಮವೂ, ಅದರಿಂದ ತಾರತಮ್ಯವೂ ಹುಟ್ಟಿದವು. ನಾವು ದಿನವೂ ಬಳಸುವ ತಾರತಮ್ಯವೆಂಬ ಮಾತು ಕೇವಲ ಎರಡು ವ್ಯಾಕರಣಪ್ರತ್ಯಯಗಳ ಜೋಡಣೆಯೆಂಬುದು ಅನೇಕರಿಗೆ ಹೊಳೆದಿರಲಾರದು. ಈ ಶಬ್ದವೇ ನಮಗೆ ಬೇಕಾದ ಬೀಗದ ಕೈಯನ್ನು ಕೊಡುತ್ತದೆ. ತಾರತಮ್ಯವೆಂಬುದು ಒಂದು ವಸ್ತುವಿನಲ್ಲಿ ತಾನಾಗಿ ಇರುವ ಗುಣವಲ್ಲ. ಎರಡು ವಸ್ತುಗಳ ನಡುವೆ ಏರ್ಪಡುವ ಸಂಬಂಧ. 'ಟಾಲ್' ಎಂಬುದನ್ನು ಒಂಟಿ ಪ್ರಾಣಿಯ ಚಿತ್ರವನ್ನು ತೋರಿಸಿ ಕಲಿಸಬಹುದು. 'ಟಾಲರ್' ಎಂಬುದನ್ನು ಕಲಿಸುವುದಕ್ಕೆ ಎರಡು ಪ್ರಾಣಿಗಳು ಬೇಕೇ ಬೇಕು. 'ಟಾಲೆಸ್ಟ್' ಎಂಬುದಕ್ಕೆ ಒಂದು ಗುಂಪೂ ಆ ಗುಂಪಿಗೊಂದು ಬೇಲಿಯೂ ಬೇಕು. ಕೋಷ್ಟಕದಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಶಬ್ದ ಇದೆ, ಸಂಬಂಧವಿಲ್ಲ. ಕಂಠಸ್ಥವಾದುದು ಲೇಖನಿಗೆ ಬಾರದಿರುವುದರ ಮುಖ್ಯ ಕಾರಣ ಇದೇ. ಗುಂಪೂ ಬೇಲಿಯೂ ಕಣ್ಣೆದುರಿಗೆ ಸಿದ್ಧವಾಗಿರುವ ಸ್ಥಳ ಮೃಗಾಲಯ.

ಬೆಳ್ಮಣ್ಣಿನ ಮಕ್ಕಳಿಗೆ ಒಂದು ದಿನದಲ್ಲಿ ಹೋಗಿ ಬರತಕ್ಕ ಮೃಗಾಲಯವೆಂದರೆ ಮಂಗಳೂರಿನ ಹೊರವಲಯದ ಪಿಲಿಕುಳ. ಪಿಲಿಯೆಂದರೆ ಹುಲಿ, ಕುಳವೆಂದರೆ ಕೊಳ. ಹೆಸರೇ ತುಳುವಿನ ಪಾಠ. ಇನ್ನೂ ದೂರದ ಪ್ರವಾಸಕ್ಕೆ ಅನುಕೂಲವಿದ್ದರೆ ಘಟ್ಟ ಹತ್ತಿ ಮೈಸೂರಿಗೆ ಹೋಗಬಹುದು. ಅಲ್ಲಿಯ ಮೃಗಾಲಯವು 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾಗಿ, 1909ರಿಂದ ಆ ಮಹಾರಾಜರ ಹೆಸರನ್ನೇ ಹೊತ್ತಿದೆ. ನಮ್ಮ ಪಾಠದ ಮೊದಲನೆಯ ಭಾಗಕ್ಕೆ ಬೇಕಾದ ಜಿರಾಫೆ ಅಲ್ಲಿಯ ಹಳೆಯ ಆಕರ್ಷಣೆ.

ಜಿರಾಫೆಯನ್ನೂ ಆನೆಯನ್ನೂ ನೋಡಿಬಂದ ಮಕ್ಕಳಿಗೆ ಮೊದಲನೆಯ ವಾಕ್ಯ ತಾನಾಗಿ ಒದಗುತ್ತದೆ. ಬೆಳೆದ ಗಂಡು ಜಿರಾಫೆ 18 ಅಡಿಯವರೆಗೂ ಎತ್ತರವಿರಬಹುದು. ನಮ್ಮ ದೇಶದ ಗಂಡಾನೆ ಭುಜದ ಬಳಿ ಸುಮಾರು 9 ಅಡಿ. 'ದಿ ಜಿರಾಫ್ ಈಸ್ ಟಾಲರ್ ದ್ಯಾನ್ ದಿ ಎಲಿಫೆಂಟ್.' ಅನಂತರ ಉಪಾಧ್ಯಾಯರು ತಕ್ಕಡಿಯನ್ನು ನೆನಪಿಗೆ ತರಲಿ. ಆನೆ ನಾಲ್ಕು ಟನ್ನಿನಷ್ಟು ತೂಗಿದರೆ ಜಿರಾಫೆಯದು ಒಂದು ಟನ್ನಿನ ಮೇಲೆ ಸ್ವಲ್ಪ. 'ದಿ ಎಲಿಫೆಂಟ್ ಈಸ್ ಹೆವಿಯರ್ ದ್ಯಾನ್ ದಿ ಜಿರಾಫ್.' ಅವೇ ಎರಡು ಪ್ರಾಣಿಗಳು. ಒಂದು ವಾಕ್ಯದಲ್ಲಿ ಗೆದ್ದುದು ಇನ್ನೊಂದರಲ್ಲಿ ಸೋತಿತು. ಹೋಲಿಕೆಯೆಂಬುದು ಯಾವಾಗಲೂ ಒಂದು ಗುಣವನ್ನು ಹಿಡಿದು ಮಾಡತಕ್ಕದ್ದು, ಇಡೀ ಪ್ರಾಣಿಯನ್ನು ಹಿಡಿದಲ್ಲ ಎಂಬುದನ್ನು ಮಕ್ಕಳು ಇಲ್ಲಿ ಉಪನ್ಯಾಸವಿಲ್ಲದೆ ಕಲಿಯುತ್ತಾರೆ.

ಅಕ್ಷರವಿನ್ಯಾಸದ ನಿಯಮಗಳನ್ನೂ ಇದೇ ಪ್ರಾಣಿಗಳ ಬೆನ್ನಿನ ಮೇಲೆ ಹೇರಬಹುದು. ಟಾಲ್, ಸ್ಟ್ರಾಂಗ್, ಫಾಸ್ಟ್ ಮೊದಲಾದ ಒಂದೇ ಉಚ್ಚಾರಾಂಶದ ಶಬ್ದಗಳಿಗೆ ನೇರವಾಗಿ ಎರ್, ಎಸ್ಟ್ ಸೇರುತ್ತವೆ. ಬಿಗ್, ಫ್ಯಾಟ್, ಥಿನ್ ಎಂಬಂತೆ ಒಂದು ಸ್ವರದ ಮುಂದೆ ಒಂದೇ ವ್ಯಂಜನವಿದ್ದು ಶಬ್ದ ಮುಗಿದರೆ ಆ ವ್ಯಂಜನವನ್ನು ಇಮ್ಮಡಿಸಬೇಕು. ಹಾಗೆ ಮಾಡದಿದ್ದರೆ ಓದುವವನು ಸ್ವರದ ಉಚ್ಚಾರವನ್ನು ಕೆಡಿಸಿಕೊಂಡಾನು. ಹೆವಿ, ಅಗ್ಲಿ ಮುಂತಾದವುಗಳ ಕೊನೆಯ ವೈ ಅಕ್ಷರವು ಐ ಆಗಿ ತಗ್ಗಿ, ಆಮೇಲೆ ಪ್ರತ್ಯಯಕ್ಕೆ ಎಡೆಗೊಡುತ್ತದೆ. ಬ್ಯೂಟಿಫುಲ್, ಡೇಂಜರಸ್, ಇಂಟೆಲಿಜೆಂಟ್ ಎಂಬ ದೀರ್ಘಕಾಯದ ಶಬ್ದಗಳು ಬಾಲವನ್ನು ಸಹಿಸವು. ಅವುಗಳಿಗೆ ಮುಂದೆ ಮೋರ್, ಮೋಸ್ಟ್ ಎಂಬ ಹರಿಕಾರರು ನಡೆಯಬೇಕು. ಬಾಲವಿದ್ದರೆ ಹರಿಕಾರನಿಲ್ಲ, ಹರಿಕಾರನಿದ್ದರೆ ಬಾಲವಿಲ್ಲ. ಇಷ್ಟು ಹೇಳಿಕೊಟ್ಟರೆ 'ಮೋರ್ ಬಿಗ್ಗರ್' ಎಂಬ ಪ್ರಾಣಿ ತಾನಾಗಿ ಕಾಡು ಸೇರುತ್ತದೆ.

ಇನ್ನು ಬೇಲಿಯ ವಿಚಾರ. 'ಎಲ್ಲಕ್ಕಿಂತ ದೊಡ್ಡದು' ಎಂದು ಕನ್ನಡದಲ್ಲಿ ಹೇಳುವಾಗ ನಾವು ಅದೇ 'ಗಿಂತ'ವನ್ನು ಇಟ್ಟುಕೊಂಡು, ಕುದುರೆಯಿದ್ದ ಎಡೆಯಲ್ಲಿ 'ಎಲ್ಲ'ವನ್ನು ನಿಲ್ಲಿಸುತ್ತೇವೆ. ಇಂಗ್ಲಿಷಿನಲ್ಲಿ 'ದ್ಯಾನ್' ಮಾಯವಾಗುತ್ತದೆ. ಗುಣವಾಚಕದ ಹಿಂದೆ 'ದಿ' ಬರುತ್ತದೆ. ಮುಂದೆ 'ಇನ್' ಅಥವಾ 'ಆಫ್' ಎಂಬ ಶಬ್ದ ಬಂದು ಎಲ್ಲೆಯನ್ನು ಹೇಳುತ್ತದೆ. ಆ ಎಲ್ಲೆಯೇ ನಾನು ಹೇಳಿದ ಬೇಲಿ. ಪಿಲಿಕುಳದಲ್ಲಿ ಚಿರತೆಯನ್ನು ನೋಡಿ, ಬಳಿಕ ಹುಲಿಯ ಆವರಣಕ್ಕೆ ಬಂದ ಮಗು ಹುಲಿಯೇ ದೊಡ್ಡದೆಂದು ಒಡನೆ ಒಪ್ಪುತ್ತದೆ. 'ದಿ ಟೈಗರ್ ಈಸ್ ದಿ ಲಾರ್ಜೆಸ್ಟ್ ಆಫ್ ದಿ ಕ್ಯಾಟ್ಸ್.' ಈ ಮಾತು ಸತ್ಯ. ಮೃಗರಾಜನೆಂದು ನಾವು ಪಟ್ಟ ಕಟ್ಟಿರುವ ಸಿಂಹವೂ ಗಾತ್ರದಲ್ಲಿ ಹುಲಿಗೆ ಎರಡನೆಯದೇ. ಆದರೆ 'ಆಫ್ ದಿ ಕ್ಯಾಟ್ಸ್' ಎಂಬ ಬೇಲಿಯನ್ನು ಕಿತ್ತು 'ಆಫ್ ದಿ ಆನಿಮಲ್ಸ್' ಎಂದರೆ ಆನೆ ನಗುತ್ತದೆ. ಆನೆಯನ್ನೇ 'ಲಾರ್ಜೆಸ್ಟ್ ಆನಿಮಲ್' ಎಂದು ಬರೆದ ಪಾಠಪುಸ್ತಕವಿದ್ದರೆ, 'ನೆಲದ ಮೇಲೆ' ಎಂಬ ಮಾತನ್ನು ಅದಕ್ಕೆ ಸೇರಿಸಿಕೊಳ್ಳಬೇಕು. ಏಕೆಂದರೆ ಸಮುದ್ರದಲ್ಲಿ ನೂರು ಅಡಿಯವರೆಗೂ ಬೆಳೆಯಬಲ್ಲ ನೀಲಿ ತಿಮಿಂಗಿಲ ಉಂಟು. ನೆಲದ ಮೇಲೆಯೂ ಆ ಪಟ್ಟ ಸಲ್ಲತಕ್ಕದ್ದು ಆಫ್ರಿಕದ ಆನೆಗೆ, ನಮ್ಮದಕ್ಕಲ್ಲ.

ಬೇಲಿಯ ಮಹಿಮೆಯನ್ನು ಮನಗಾಣಿಸುವುದಕ್ಕೆ ಬೆಳ್ಮಣ್ಣಿನ ಉಪಾಧ್ಯಾಯರಿಗೆ ಮೃಗಾಲಯದ ಹೊರಗೂ ಒಂದು ಉತ್ತಮ ನಿದರ್ಶನ ಕೈಗೆಟಕುವಂತಿದೆ. ಅವರ ತಾಲೂಕಿನ ಮುಖ್ಯಸ್ಥಳವಾದ ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಿತನಾದ ಗೊಮ್ಮಟನು 42 ಅಡಿ. 1604ರ ವೇಣೂರಿನ ಗೊಮ್ಮಟನು 35 ಅಡಿ. ಈ ಇಬ್ಬರನ್ನೇ ಹೋಲಿಸಿದರೆ ಕಾರ್ಕಳದವನು 'ದಿ ಟಾಲರ್ ಆಫ್ ದಿ ಟೂ'. ಇಬ್ಬರೇ ಇರುವಾಗ 'ಟಾಲೆಸ್ಟ್' ಎನ್ನುವುದನ್ನು ಶುದ್ಧ ಇಂಗ್ಲಿಷಿನ ಸಂಪ್ರದಾಯ ಒಪ್ಪದೆಂಬುದೂ ಇಲ್ಲಿ ತಿಳಿಯಿತು. ಆದರೆ ಶ್ರವಣಬೆಳಗೊಳದ ಸುಮಾರು 57 ಅಡಿಯ ಮೂರ್ತಿಯನ್ನು ಲೆಕ್ಕಕ್ಕೆ ತಂದೊಡನೆ ಕಾರ್ಕಳದವನು ನಡುವಿನವನಾದನು. ಶಿಲೆ ಒಂದಂಗುಲವೂ ಕುಗ್ಗಲಿಲ್ಲ. ನಾವು ಬೇಲಿಯನ್ನು ಘಟ್ಟದ ಮೇಲಕ್ಕೆ ಸರಿಸಿದೆವು, ಅಷ್ಟೆ.

ಬೇಲಿಯಷ್ಟೇ ಎಚ್ಚರಿಕೆಯಿಂದ ನೋಡಿಕೊಳ್ಳಬೇಕಾದದ್ದು ಗುಣದ ಹೆಸರು. ಪಿಲಿಕುಳದ ಮೃಗಾಲಯವು ಕಾಳಿಂಗ ಸರ್ಪಗಳನ್ನು ಸಾಕಿ ಮರಿಮಾಡಿಸಿದುದಕ್ಕಾಗಿ ಹೆಸರಾದದ್ದು. ಕಾರ್ಕಳದಿಂದ ಘಟ್ಟವೇರಿದರೆ ಸಿಗುವ ಆಗುಂಬೆಯ ಕಾಡು ಈ ಸರ್ಪದ ತೌರು. ಬಹುಕಾಲ ಒಂದೇ ಜಾತಿಯೆಂದು ಎಣಿಸಿದ್ದ ಕಾಳಿಂಗವನ್ನು ಪ್ರಾಣಿಶಾಸ್ತ್ರಜ್ಞರು 2024ರಲ್ಲಿ ನಾಲ್ಕು ಜಾತಿಗಳಾಗಿ ವಿಂಗಡಿಸಿ, ಪಶ್ಚಿಮಘಟ್ಟದ ಜಾತಿಗೆ ನಮ್ಮ ಕನ್ನಡದ 'ಕಾಳಿಂಗ' ಎಂಬ ಹೆಸರನ್ನೇ ಶಾಸ್ತ್ರೀಯ ನಾಮದಲ್ಲಿ ಇಟ್ಟರೆಂಬುದು ನಾವು ಸಂತೋಷಪಡತಕ್ಕ ವಿಷಯ. ವಿಷಸರ್ಪಗಳಲ್ಲೆಲ್ಲ ಕಾಳಿಂಗವೇ 'ದಿ ಲಾಂಗೆಸ್ಟ್'. 'ವಿಷ' ಎಂಬ ಬೇಲಿಯನ್ನು ತೆಗೆದರೆ ಈ ಪದವಿ ಪೂರ್ವದೇಶಗಳ ಕಾಡಿನ ಒಂದು ಹೆಬ್ಬಾವಿಗೆ ಹೋಗುತ್ತದೆ. ಮತ್ತೆ, ಕಾಳಿಂಗವೇ 'ದಿ ಮೋಸ್ಟ್ ಡೇಂಜರಸ್' ಎಂದು ಮಗು ಹೇಳಿದರೆ? ವ್ಯಾಕರಣ ಸರಿಯಾಗಿದೆ, ಸಂಗತಿ ಸರಿಯಾಗಿಲ್ಲ. ನಮ್ಮ ದೇಶದಲ್ಲಿ ಮನುಷ್ಯರ ಪ್ರಾಣಕ್ಕೆ ಹೆಚ್ಚು ಅಪಾಯ ತರತಕ್ಕವು ಗದ್ದೆ ಹಿತ್ತಲುಗಳಲ್ಲಿ ಓಡಾಡುವ ನಾಗರಹಾವು, ಕೊಳಕುಮಂಡಲ ಮೊದಲಾದವು. ಕಾಡಿನ ಒಳಗೆ ಬಾಳುವ ಕಾಳಿಂಗವಲ್ಲ. ಉದ್ದವಾದದ್ದು ಬೇರೆ, ಅಪಾಯಕರವಾದದ್ದು ಬೇರೆ. ಹಿತ್ತಲಿನಲ್ಲಿ ಬರಿಗಾಲಿನಿಂದ ನಡೆಯುವ ಮಗುವಿಗೆ ಈ ಭೇದವು ಪರೀಕ್ಷೆಯ ಅಂಕಕ್ಕಿಂತ ಮುಖ್ಯವಾದದ್ದು. ಹಾಗೆಯೇ 'ದಿ ಫಾಸ್ಟೆಸ್ಟ್' ಎಂದು ಪ್ರಸಿದ್ಧವಾದದ್ದು ಚೀತಾ, ನಮ್ಮ ಚಿರತೆಯಲ್ಲ. ಭಾರತದಿಂದ ಅಳಿದುಹೋಯಿತೆಂದು 1952ರಲ್ಲಿ ಸಾರಲ್ಪಟ್ಟ ಆ ಪ್ರಾಣಿಯನ್ನು 2022ರಲ್ಲಿ ಆಫ್ರಿಕದ ನಮೀಬಿಯದಿಂದ ತಂದು ಮಧ್ಯಪ್ರದೇಶದ ಕೂನೋ ಕಾಡಿನಲ್ಲಿ ಬಿಟ್ಟರು.

ಹೋಲಿಕೆಯೆಂದರೆ ಮಿಗಿಲು ಕಡಿಮೆಗಳು ಮಾತ್ರವೇ ಅಲ್ಲ, ಸಮಾನತೆಯೂ ಹೋಲಿಕೆಯೇ. 'ಇದು ಅದರಷ್ಟೇ ಎತ್ತರ' ಎಂಬುದಕ್ಕೆ ಇಂಗ್ಲಿಷಿನಲ್ಲಿ ಗುಣವಾಚಕವನ್ನು ಎರಡು 'ಆ್ಯಸ್'ಗಳ ನಡುವೆ ಕೂರಿಸುತ್ತಾರೆ. ಆಗ ತಾನೆ ಹುಟ್ಟಿದ ಜಿರಾಫೆಮರಿ ಸುಮಾರು 6 ಅಡಿ. ಎತ್ತರದ ಆಳೊಬ್ಬನನ್ನು ಅದರ ಪಕ್ಕದಲ್ಲಿ ನಿಲ್ಲಿಸಿದರೆ 'ಆ್ಯಸ್ ಟಾಲ್ ಆ್ಯಸ್' ಎಂಬುದಕ್ಕೆ ಬೇರೆ ಚಿತ್ರ ಬೇಕಾಗದು. ನಮ್ಮ ಪಾಠಗಳಲ್ಲಿ ಈ ರೂಪಕ್ಕೆ ಕೊನೆಯ ಪಂಕ್ತಿಯ ಊಟ. ಇದನ್ನೇ ಮೊದಲು ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಪ್ರವಾಸದ ಖರ್ಚಿಗೆ ಅನುಕೂಲವಿಲ್ಲದ ಶಾಲೆಗಳು ಏನು ಮಾಡಬೇಕು ಎಂದು ತಾವು ಕೇಳಬಹುದು. 18 ಅಡಿ ತೆಂಗಿನ ಹುರಿಹಗ್ಗ ಯಾವ ಊರಿಗೂ ದುಬಾರಿಯಲ್ಲ. ಅದನ್ನು ಶಾಲೆಯ ಅಂಗಳದಲ್ಲಿ ಚಾಚಿ ಹಾಸಿರಿ, ಅದೇ ಜಿರಾಫೆ. ನಡುವಿಗೆ ಒಂದು ಗಂಟು ಹಾಕಿರಿ, 9 ಅಡಿ. ಅಲ್ಲಿಗೆ ಆನೆಯ ಭುಜ. ಹೆಚ್ಚೆಂದರೆ ಅಷ್ಟೇ 9 ಅಡಿ ಎತ್ತರ ಬೆಳೆಯುವ ಉಷ್ಟ್ರಪಕ್ಷಿಯ ತಲೆಯೂ ಆ ಗಂಟಿನ ಹತ್ತಿರವೇ. 6 ಅಡಿಗೆ ಇನ್ನೊಂದು ಗಂಟು. ಅದು ಘಟ್ಟದ ಕಾಟಿಯ, ಎಂದರೆ ಕಾಡುಕೋಣದ ಭುಜ. ಮಕ್ಕಳು ಹಗ್ಗದ ಪಕ್ಕದಲ್ಲಿ ತಾವೇ ಮಲಗಿ ಅಳೆದುಕೊಳ್ಳಲಿ. ಒಂದೊಂದು ಮಗುವೂ ತಾನು ಕಂಡದ್ದನ್ನು ಒಂದೊಂದು ವಾಕ್ಯವಾಗಿ ಹೇಳಲಿ. ಹೇಳಿದೊಡನೆ ಉಳಿದವರು 'ದ್ಯಾನ್ ವಾಟ್? ಇನ್ ವಾಟ್?' ಎಂದು ಕೇಳಲಿ. ಯಾವುದಕ್ಕಿಂತ, ಯಾವುದರೊಳಗೆ ಎಂಬ ಈ ಎರಡು ಪ್ರಶ್ನೆಗಳಿಗೆ ಉತ್ತರವಿರುವ ವಾಕ್ಯದಲ್ಲಿ ವ್ಯಾಕರಣದ ತಪ್ಪು ಅಪರೂಪ. ಇದ್ದರೂ ತಿದ್ದುವುದು ಸುಲಭ. ಎಲ್ಲಕ್ಕಿಂತ ಹೆಚ್ಚಾಗಿ, ಪಟ್ಟಣದ ಮಕ್ಕಳ ಇಂಗ್ಲಿಷನ್ನು ಕೇಳಿ ಬಾಯಿ ಕಟ್ಟಿಕೊಳ್ಳುವ ಹಳ್ಳಿಯ ಮಗು ತನ್ನ ಕಣ್ಣಿನಿಂದ ಅಳೆದ ಸಂಗತಿಯನ್ನು ಹೇಳುವಾಗ ಹಿಂಜರಿಯುವುದಿಲ್ಲ. ಕೋಷ್ಟಕ ಪುಸ್ತಕದ್ದು; ಅಳೆದು ಹೇಳಿದ ವಾಕ್ಯ ಮಗುವಿನ ಸ್ವಂತದ್ದು.

ಕೊನೆಯದಾಗಿ ಒಂದು ಮಾತು. ತಾರತಮ್ಯವೆಂಬ ಶಬ್ದಕ್ಕೆ ಈ ಉಡುಪಿಯ ಸೀಮೆಯಲ್ಲಿ ಗಂಭೀರವಾದ ಇತಿಹಾಸವುಂಟು. ಹದಿಮೂರನೆಯ ಶತಮಾನದಲ್ಲಿ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಜೀವರ ತಾರತಮ್ಯವನ್ನು ತಮ್ಮ ಸಿದ್ಧಾಂತದ ಒಂದು ಮುಖ್ಯ ಅಂಗವಾಗಿ ಪ್ರತಿಪಾದಿಸಿದರು. ಅದು ವೇದಾಂತದ ವಿಚಾರ. ಇಲ್ಲಿ ಅದರ ಚರ್ಚೆ ಬೇಡ. ಆದರೆ ಅದೇ ಶಬ್ದವು ಇಂದಿನ ಲೋಕವ್ಯವಹಾರದಲ್ಲಿ ಪಕ್ಷಪಾತವೆಂಬ ಅರ್ಥಕ್ಕೆ ಇಳಿದಿದೆ. ಈ ಇಳಿತ ಹೇಗಾಯಿತೆಂಬುದನ್ನು ನಮ್ಮ ಮನೆಗಳಲ್ಲಿಯೇ ನೋಡಬಹುದು. 'ಅಣ್ಣನನ್ನು ನೋಡಿ ಕಲಿ', 'ಪಕ್ಕದ ಮನೆಯವನು ನಿನಗಿಂತ ಜಾಣ' ಎಂದು ನಾವು ಹೇಳುವಾಗ ಯಾವ ಗುಣದಲ್ಲಿ, ಯಾವ ಅಳತೆಗೋಲಿನಿಂದ, ಯಾವ ಬೇಲಿಯೊಳಗೆ ಎಂಬುದನ್ನು ಹೇಳುವುದಿಲ್ಲ. ಜಿರಾಫೆಯನ್ನೂ ಆನೆಯನ್ನೂ ಹೋಲಿಸುವಾಗ ಒಂದು ಐದನೆಯ ತರಗತಿಯ ಮಗು ಪಾಲಿಸಬಲ್ಲ ನ್ಯಾಯವನ್ನು ನಾವು ಮಕ್ಕಳನ್ನು ಹೋಲಿಸುವಾಗ ಪಾಲಿಸುವುದಿಲ್ಲ. 'ಬೆಸ್ಟ್ ಬಾಯ್' ಎಂದು ಒಬ್ಬನ ಎದೆಗೆ ಪದಕವನ್ನು ಚುಚ್ಚಿದರೆ, ಬೇಲಿ ಹಾಕದ ಆ ಒಂದು ವಿಶೇಷಣದಿಂದ ಉಳಿದ ಮೂವತ್ತೊಂಬತ್ತು ಮಕ್ಕಳು ಯಾವ ವಿಷಯದಲ್ಲೆಂದು ಅರಿಯದೆಯೇ ಸೋತವರಾಗುತ್ತಾರೆ.

ಮೃಗಾಲಯದ ಪ್ರಾಣಿಗಳು ನಮ್ಮ ವಿಶೇಷಣಗಳನ್ನು ಕೇಳಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹೋಲಿಕೆಯ ಅಭ್ಯಾಸಕ್ಕೆ ಅವು ಒಳ್ಳೆಯ ಸಹಾಯಕರಾಗಿರುವುದು ಇದರಿಂದಲೇ. ಮಕ್ಕಳ ಮಾತು ಹಾಗಲ್ಲ. ಆದುದರಿಂದ ಉಪಾಧ್ಯಾಯರಲ್ಲಿಯೂ ತಾಯಿತಂದೆಗಳಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ: ಎರ್, ಎಸ್ಟ್ ಎಂಬ ಪ್ರತ್ಯಯಗಳನ್ನು ಪಂಜರದ ಕಡೆಗೆ ಧಾರಾಳವಾಗಿ ಪ್ರಯೋಗಿಸಿರಿ, ಮಕ್ಕಳ ಪಂಕ್ತಿಯ ಕಡೆಗೆ ತಿರುಗಿಸುವ ಮುನ್ನ 'ಯಾವುದರಲ್ಲಿ?' ಎಂದು ತಮ್ಮನ್ನು ತಾವೇ ಒಮ್ಮೆ ಕೇಳಿಕೊಳ್ಳಿರಿ.